ಮೈಲಿ ಕೇಳಬೇಡಿ, ಗಂಟೆ ಕೇಳಿ: ಪೊಲೀಸರು ಬಿಟ್ಟ ಕಾರನ್ನು ಡೀಲರ್‌ನಿಂದ ಕೊಳ್ಳುವ ಮುನ್ನ

(ಓಹಿಯೋದ ಒಂದು ಸಾರ್ವಜನಿಕ ಗ್ರಂಥಾಲಯದ ಸಭಾಕೋಣೆಯಲ್ಲಿ ಕನ್ನಡದ ಗೆಳೆಯರ ಮುಂದೆ ಆಡಿದ ಮಾತು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ನಡುನಡುವೆ ಬಂದ ಪ್ರಶ್ನೆಗಳನ್ನು ಬಿಟ್ಟಿಲ್ಲ.)

ನಮ್ಮ ಅತ್ತೆಯವರು ಮೊದಲ ಸಲ ಅಮೆರಿಕಕ್ಕೆ ಬಂದಿದ್ದಾಗ ಅವರನ್ನು ಕೂರಿಸಿಕೊಂಡು ದಿನಸಿ ತರಲು ಹೋಗಿದ್ದೆ. ಮುಂದೆ ಕೂತುಕೊಳ್ಳಿ ಅಂದರೆ ಸಂಕೋಚ, ಹಿಂದೆಯೇ ಕೂತರು. ಅಂಗಡಿ ಮುಂದೆ ಕಾರು ನಿಲ್ಲಿಸಿ, ಅವರೂ ಇಳಿದು ಹಿಂದೆ ಬರುತ್ತಾರೆ ಅಂದುಕೊಂಡು ನಾನು ಒಳಗೆ ಹೋದೆ. ಟೊಮೇಟೊ ಆರಿಸಿ, ಹಾಲು ತಗೊಂಡು, ಎಲ್ಲಿ ಇವರು ಅಂತ ತಿರುಗಿ ನೋಡಿದರೆ ಇಲ್ಲ. ಓಡಿ ಬಂದು ನೋಡಿದೆ. ಹಿಂದಿನ ಸೀಟಿನಲ್ಲಿ ಸೆರಗು ಬೀಸಿಕೊಳ್ಳುತ್ತಾ ಕೂತಿದ್ದಾರೆ. ಬಾಗಿಲಿನ ಒಳಹಿಡಿ ಎಳೆದರೆ ಗಾಳಿ ಎಳೆದ ಹಾಗೆ. ಕಿಟಕಿ ಗುಂಡಿ ಒತ್ತಿದರೂ ಕೆಲಸ ಮಾಡಲ್ಲ. ನಾನು ಹೊರಗಿನಿಂದ ಬಾಗಿಲು ತೆಗೆದಾಗ ಅವರು ಕೇಳಿದ್ದು ಒಂದೇ ಮಾತು: "ಅಳಿಯಂದಿರೇ, ನಾನೇನು ಕಳ್ಳತನ ಮಾಡಿದ್ನಾ?"

ಆ ಕಾರು 2008ರ ಫೋರ್ಡ್ ಕ್ರೌನ್ ವಿಕ್ಟೋರಿಯಾ ಪೊಲೀಸ್ ಇಂಟರ್‌ಸೆಪ್ಟರ್, ಅಂದರೆ ಪೊಲೀಸರಿಗೆಂದೇ ಮಾಡಿದ ಮಾಡೆಲ್. ಒಂದು ಊರಿನ ಪೊಲೀಸ್ ಇಲಾಖೆಯಲ್ಲಿ ದುಡಿದು, ಹರಾಜಿಗೆ ಹೋಗಿ, ಒಬ್ಬ ಡೀಲರ್ ಕೈ ಸೇರಿ, 2014ರಲ್ಲಿ ನನ್ನ ಮನೆಗೆ ಬಂತು. ಹಿಂದೆ ಕೂತವರು ತಾವಾಗಿ ಇಳಿಯಬಾರದು ಅನ್ನುವುದೇ ಪೊಲೀಸ್ ಕಾರಿನ ಉದ್ದೇಶ, ಆದ್ದರಿಂದ ಒಳಗಿನ ಹಿಡಿಗೂ ಬಾಗಿಲಿನ ಕೊಂಡಿಗೂ ಸಂಬಂಧ ಇರಲ್ಲ. ಡೀಲರ್ ಅದನ್ನು ಸರಿಮಾಡಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಅವನು ಸುಳ್ಳು ಹೇಳಿದ ಅನ್ನಲಾರೆ. ನಾನು ಕೇಳದೇ ಇದ್ದದ್ದನ್ನು ಅವನು ಹೇಳಲಿಲ್ಲ, ಅಷ್ಟೆ. ಇವತ್ತಿನ ಮಾತೆಲ್ಲ ಕೇಳದೇ ಬಿಟ್ಟ ಆ ಪ್ರಶ್ನೆಗಳ ಬಗ್ಗೆಯೇ.

ಈ ಕಾರುಗಳ ಮೇಲೆ ಜನಕ್ಕೆ ಯಾಕಿಷ್ಟು ಆಸೆ? ಮೊದಲು ಅದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಆಸೆಗೆ ಕಾರಣ ಇದೆ. ಹೊರಗಿನಿಂದ ನೋಡಿದರೆ ಅಜ್ಜಂದಿರು ಓಡಿಸುವ ಕ್ರೌನ್ ವಿಕ್ಟೋರಿಯಾಕ್ಕೂ ಪೊಲೀಸ್ ಕ್ರೌನ್ ವಿಕ್ಟೋರಿಯಾಕ್ಕೂ ವ್ಯತ್ಯಾಸ ಕಾಣಲ್ಲ. ಕೆಳಗೆ ಬಗ್ಗಿ ನೋಡಿದರೆ ಕಾಣುತ್ತೆ. ಎಂಜಿನ್ ಆಯಿಲ್ ತಣಿಸಲು ಬೇರೆಯೇ ಕೂಲರ್, ಗಟ್ಟಿ ಸ್ಪ್ರಿಂಗು, ಗಟ್ಟಿ ಷಾಕ್ ಅಬ್ಸಾರ್ಬರು, ಉಕ್ಕಿನ ಚಕ್ರ, ರೇಡಿಯೋ, ದೀಪ, ಕಂಪ್ಯೂಟರ್ ಎಲ್ಲವನ್ನೂ ಹೊರುವ ದೊಡ್ಡ ಆಲ್ಟರ್ನೇಟರ್. ಕೆಳಗೆ ಲಾರಿಗಿರುವ ಹಾಗೆ ಪ್ರತ್ಯೇಕ ಚಾಸಿಸ್, ಅದರ ಮೇಲೆ ಕೂರಿಸಿದ ಬಾಡಿ, 4.6 ಲೀಟರಿನ ವಿ8 ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ. ಫುಟ್‌ಪಾತ್ ಹತ್ತಿ ಇಳಿದರೂ ಮುರಿಯಬಾರದು ಅಂತಲೇ ಮಾಡಿದ ಗಾಡಿ. ಕೆನಡಾದ ಒಂಟಾರಿಯೋ ಪ್ರಾಂತ್ಯದ ಸೇಂಟ್ ಥಾಮಸ್‌ನಲ್ಲಿದ್ದ ಕಾರ್ಖಾನೆಯಲ್ಲಿ ಇವು ತಯಾರಾಗುತ್ತಿದ್ದವು. 2011ರ ಸೆಪ್ಟೆಂಬರ್‌ನಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. ಅಂದರೆ ಇವತ್ತು ನಿಮಗೆ ಸಿಗುವ ಅತಿ ಹೊಸ ಕ್ರೌನ್ ವಿಕ್ಟೋರಿಯಾ ಕೂಡ 2011ರದ್ದು.

ಇನ್ನೊಂದು ಆಕರ್ಷಣೆ ನಿರ್ವಹಣೆ. ನಾವು ಆಯಿಲ್ ಬದಲಿಸುವುದನ್ನು ಮುಂದಿನ ತಿಂಗಳಿಗೆ, ಅದರ ಮುಂದಿನ ತಿಂಗಳಿಗೆ ತಳ್ಳುತ್ತೇವೆ. ಇಲಾಖೆಯ ಗ್ಯಾರೇಜಿನಲ್ಲಿ ಅದಕ್ಕೊಂದು ವೇಳಾಪಟ್ಟಿ ಇರುತ್ತೆ, ಅದನ್ನು ನೋಡಿಕೊಳ್ಳಲು ಸಂಬಳ ತಗೊಳ್ಳುವ ಮನುಷ್ಯ ಇರುತ್ತಾನೆ. ಬ್ರೇಕು, ಟೈರು ಸವೆಯುವವರೆಗೆ ಅವರು ಕಾಯಲ್ಲ. ಬಿಡಿಭಾಗಗಳಂತೂ ಸುಲಭ. ಲಿಂಕನ್ ಟೌನ್ ಕಾರ್, ಮರ್ಕ್ಯುರಿ ಗ್ರ್ಯಾಂಡ್ ಮಾರ್ಕೀ ಇದರ ಒಡಹುಟ್ಟಿದವರು. ನ್ಯೂಯಾರ್ಕಿನ ಟ್ಯಾಕ್ಸಿಯವರೂ ವರ್ಷಗಟ್ಟಲೆ ಇದನ್ನೇ ಓಡಿಸಿದರು. ಇದನ್ನು ಬಿಚ್ಚಿ ಜೋಡಿಸಲು ಬಾರದ ಮೆಕ್ಯಾನಿಕ್ ಈ ದೇಶದಲ್ಲಿ ಅಪರೂಪ.

ಸರಿ, ಈಗ ನನ್ನ ದಡ್ಡತನದ ಕಥೆ.

ಡೀಲರ್ ಅಂಗಳದಲ್ಲಿ ಎರಡು ಕಾರು ನಿಂತಿದ್ದವು. ಎರಡೂ ಬಿಳಿ, ಎರಡೂ ಒಂದೇ ವರ್ಷದವು. ಒಂದು 96,000 ಮೈಲಿ ಓಡಿತ್ತು, ಇನ್ನೊಂದು 1,28,000. ಎರಡನೆಯದಕ್ಕೆ 800 ಡಾಲರ್ ಕಡಿಮೆ ಹೇಳಿದ. ನಾನು ಬುದ್ಧಿವಂತ, ಕಡಿಮೆ ಓಡಿದ್ದನ್ನೇ ಆರಿಸಿದೆ. ಮನೆಗೆ ತಂದು ಒಂದು ವಾರದ ಮೇಲೆ ಡ್ಯಾಶ್‌ಬೋರ್ಡಿನ ಗುಂಡಿ ಸುಮ್ಮನೆ ಒತ್ತುತ್ತಾ ಕೂತಿದ್ದಾಗ ಮೈಲಿ ತೋರಿಸುವ ಜಾಗದಲ್ಲಿ ಬೇರೆ ಅಂಕಿಗಳು ಬಂದವು. ಎಂಜಿನ್ ಓಡಿದ ಒಟ್ಟು ಗಂಟೆ 7,400. ಅದರಲ್ಲಿ ಗಾಡಿ ನಿಂತಲ್ಲೇ ನಿಂತು ಎಂಜಿನ್ ಮಾತ್ರ ಓಡಿದ್ದು 4,100 ಗಂಟೆ.

ಪೊಲೀಸ್ ಕಾರಿನ ಬದುಕು ಅರ್ಥವಾಗಬೇಕಾದರೆ ಈ ಎರಡನೇ ಅಂಕಿ ನೋಡಬೇಕು. ಅಪಘಾತದ ಜಾಗದಲ್ಲಿ ರಾತ್ರಿಯೆಲ್ಲ ದೀಪ ಹಾಕಿಕೊಂಡು ನಿಲ್ಲಬೇಕು, ಎಂಜಿನ್ ಆರಿಸುವಂತಿಲ್ಲ, ಬ್ಯಾಟರಿ ಸತ್ತುಹೋಗುತ್ತೆ. ಚಳಿಗಾಲದಲ್ಲಿ ಹೀಟರ್, ಬೇಸಿಗೆಯಲ್ಲಿ ಎಸಿ. ಗಾಡಿ ಒಂದಿಂಚೂ ಸರಿದಿರಲ್ಲ, ಮೈಲಿ ಲೆಕ್ಕ ಒಂದೂ ಏರಿರಲ್ಲ, ಎಂಜಿನ್ ಮಾತ್ರ ಸವೆಯುತ್ತಲೇ ಇರುತ್ತೆ. ಹೀಗೆ ನಿಂತು ಓಡಿದ ಒಂದು ಗಂಟೆಯನ್ನು ಸುಮಾರು 33 ಮೈಲಿ ಓಡಿದ್ದಕ್ಕೆ ಸಮ ಅಂತ ಹಿಡಿಯುವುದು ಫೋರ್ಡ್ ಕಂಪನಿಯದೇ ಲೆಕ್ಕ. ಗುಣಿಸಿ ನೋಡಿ: 4,100 ಸಲ 33, ಅಂದರೆ 1,35,300. ಅದಕ್ಕೆ ಓಡಿದ 96,000 ಸೇರಿಸಿದರೆ 2,31,300 ಮೈಲಿಯ ಎಂಜಿನ್. ನಾನು ಒಂದು ಲಕ್ಷ ಮೈಲಿಯೂ ಆಗಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಹೊಟ್ಟೆಯುರಿ ತಡೆಯಲಾರದೆ ಮಾರನೇ ಶನಿವಾರ ಡೀಲರ್ ಹತ್ತಿರ ಮತ್ತೆ ಹೋದೆ. ಇನ್ನೊಂದು ಕಾರು ಇನ್ನೂ ಮಾರಾಟವಾಗಿರಲಿಲ್ಲ. ಕೀ ಕೇಳಿ ಅದರ ಗುಂಡಿಯನ್ನೂ ಒತ್ತಿದೆ. ಒಟ್ಟು 4,000 ಗಂಟೆ, ನಿಂತು ಓಡಿದ್ದು 1,200. ಅದೇ ಲೆಕ್ಕ ಹಾಕಿದರೆ 39,600 ಸೇರಿ 1,67,600. ಹೆಚ್ಚು ಮೈಲಿಯ ಕಾರಿನ ಎಂಜಿನ್ ಕಡಿಮೆ ಸವೆದಿತ್ತು, ಮೇಲಾಗಿ 800 ಡಾಲರ್ ಅಗ್ಗ.

ಇದೇ ಅಂಕಿಗಳಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತೆ, ಇದನ್ನು ನನಗೆ ಹೇಳಿಕೊಟ್ಟವರು ಒಬ್ಬ ನಿವೃತ್ತ ಗ್ಯಾರೇಜ್ ಮೇಸ್ತ್ರಿ. ಒಟ್ಟು ಗಂಟೆಯಿಂದ ನಿಂತ ಗಂಟೆ ಕಳೆಯಿರಿ. ಉಳಿದಷ್ಟು ಹೊತ್ತು ಗಾಡಿ ನಿಜವಾಗಿ ಓಡಿದೆ. ಮೈಲಿಯನ್ನು ಅದರಿಂದ ಭಾಗಿಸಿ. ನನ್ನ ಕಾರಿಗೆ 3,300 ಗಂಟೆಗೆ 96,000, ಅಂದರೆ ಗಂಟೆಗೆ ಸರಾಸರಿ 29 ಮೈಲಿ. ಊರೊಳಗಿನ ಗಸ್ತು. ಸಿಗ್ನಲ್ಲಿಗೆ ಸಿಗ್ನಲ್ಲಿಗೆ ಬ್ರೇಕು, ಗಲ್ಲಿಗೊಂದು ತಿರುವು, ಗೇರ್‌ಬಾಕ್ಸಿಗೆ ಬಿಡುವೇ ಇಲ್ಲ. ಇನ್ನೊಂದಕ್ಕೆ 2,800 ಗಂಟೆಗೆ 1,28,000, ಹತ್ತಿರ ಹತ್ತಿರ 46 ಮೈಲಿ. ಅದು ಹೆದ್ದಾರಿಯ ಕಾರು. ಡೀಲರ್ ನನಗೆ ನನ್ನ ಕಾರನ್ನು ತೋರಿಸಿ "ಎಲ್ಲ ಹೈವೇ ಮೈಲಿ ಸಾರ್" ಅಂದಿದ್ದ. ಅವನಿಗೂ ಗೊತ್ತಿರಲಿಲ್ಲವೇನೋ, ಹರಾಜಿನಲ್ಲಿ ಹನ್ನೆರಡು ಕಾರನ್ನು ಒಟ್ಟಿಗೆ ಹೊಡೆದುಕೊಂಡು ಬಂದವನು.

ನನ್ನ ತಕರಾರು ಇರುವುದು ಅಲ್ಲೇ. ಇಲಾಖೆಯ ಹತ್ತಿರ ಪ್ರತಿ ಕಾರಿಗೂ ಒಂದು ಕಡತ ಇರುತ್ತೆ. ಯಾವಾಗ ಆಯಿಲ್, ಯಾವಾಗ ಗೇರ್‌ಬಾಕ್ಸ್, ಯಾವ ರಾತ್ರಿ ಯಾವ ಕಂಬಕ್ಕೆ ಗುದ್ದಿತು, ಎಲ್ಲ ಅದರಲ್ಲಿ ಇರುತ್ತೆ. ಕಾರು ಹರಾಜಾಗಿ ಡೀಲರ್ ಕೈಗೆ ಹೋಗುವಾಗ ಕಾರು ಹೋಗುತ್ತೆ, ಕಡತ ಅಲ್ಲೇ ಉಳಿಯುತ್ತೆ. ಪೊಲೀಸ್ ಕಾರಿನ ದೊಡ್ಡ ಬೆಲೆ ಇರುವುದು ಆ ಕಡತದಲ್ಲಿ, ನಮಗೆ ಸಿಗುವುದು ಪಾಲಿಶ್ ಹಾಕಿದ ತಗಡು. ಆದ್ದರಿಂದ ಡೀಲರ್ ಹತ್ತಿರ ಮೊದಲು ಕೇಳಬೇಕಾದದ್ದು ಬೆಲೆಯಲ್ಲ, "ಯಾವ ಇಲಾಖೆಯದು, ಎಲ್ಲಿ ಹರಾಜಾಯಿತು" ಅನ್ನುವುದು. ಒಳ್ಳೆಯ ಡೀಲರ್ ತಕ್ಷಣ ಹೇಳುತ್ತಾನೆ, ಹರಾಜಿನ ಪಟ್ಟಿಯನ್ನೂ ತೋರಿಸುತ್ತಾನೆ. ಇಲಾಖೆಗೆ ಫೋನ್ ಮಾಡಿ ವಾಹನ ವಿಭಾಗ ಕೇಳಿದರೆ ನಿರ್ವಹಣೆಯ ದಾಖಲೆ ಕೊಡುವವರೂ ಇದ್ದಾರೆ. ಸಾರ್ವಜನಿಕ ದಾಖಲೆ ಅದು. ಹೇಳಲು ಹಿಂಜರಿಯುವ ಡೀಲರ್ ಕಂಡರೆ ನಾನು ಕಾಫಿ ಕುಡಿಯುವ ನೆಪ ಹೇಳಿ ಹೊರಡುತ್ತೇನೆ.

ಒಬ್ಬರು ಇಲ್ಲಿ ಕೇಳಿದರು: "ಹಾಗಾದರೆ ಡೀಲರ್ ಯಾಕೆ, ನೇರ ಹರಾಜಿಗೇ ಹೋಗಬಹುದಲ್ಲ?"

ಹೋಗಬಹುದು. ಗವ್‌ಡೀಲ್ಸ್‌ನಂಥ ಜಾಲತಾಣಗಳಲ್ಲಿ ಊರೂರಿನ ಇಲಾಖೆಗಳು ತಮ್ಮ ಹಳೆಯ ಗಾಡಿಗಳನ್ನು ಹಾಕುತ್ತವೆ. ಅಗ್ಗವೂ ಹೌದು. ಆದರೆ ಸಾಮಾನ್ಯವಾಗಿ ಅಲ್ಲಿ ಓಡಿಸಿ ನೋಡಲು ಬಿಡಲ್ಲ. ಗೆದ್ದ ಮೇಲೆ ಹೇಳಿದ ದಿನದೊಳಗೆ ದುಡ್ಡು ಕಟ್ಟಿ ಎತ್ತಿಕೊಂಡು ಹೋಗಬೇಕು, ಸ್ಟಾರ್ಟ್ ಆಗದಿದ್ದರೆ ಎಳೆದುಕೊಂಡು ಹೋಗಬೇಕು. ಕೆಲವು ಸಲ ಬ್ಯಾಟರಿಯೇ ಇರಲ್ಲ, ಕೆಲವು ಸಲ ವೈರುಗಳನ್ನು ಕತ್ತರಿಯಿಂದ ಕತ್ತರಿಸಿ ಬಿಟ್ಟಿರುತ್ತಾರೆ. ಡೀಲರ್ ತನ್ನ ಲಾಭ ಇಟ್ಟುಕೊಂಡು ಮಾಡುವ ಕೆಲಸ ಏನೆಂದರೆ ಆ ತಲೆನೋವನ್ನು ತಾನು ತಗೊಳ್ಳುವುದು. ಚೆನ್ನಾಗಿ ಮಾಡಿದ್ದರೆ ಅವನಿಗೆ ಆ ದುಡ್ಡು ಸಲ್ಲಬೇಕು. ಹನ್ನೆರಡರಲ್ಲಿ ಮೂರು ಕೆಟ್ಟ ಕಾರನ್ನು ಬಿಚ್ಚಿ ಒಂಬತ್ತನ್ನು ನೆಟ್ಟಗೆ ಮಾಡುವ ಡೀಲರನ್ನು ನಾನು ನೋಡಿದ್ದೇನೆ, ಅವನ ಹತ್ತಿರ ನನ್ನ ತಮ್ಮನಿಗೂ ಒಂದು ಕಾರು ಕೊಡಿಸಿದೆ. ಬೇರೆ ಬಗೆಯವನು ಸೀಟು ತೊಳೆಸಿ, ಎಂಜಿನ್ ಮೇಲೆ ಹೊಳಪಿನ ಎಣ್ಣೆ ಸಿಂಪಡಿಸಿ, ಎಚ್ಚರಿಕೆ ದೀಪವನ್ನು ಅಳಿಸಿ ನಿಲ್ಲಿಸುತ್ತಾನೆ.

ಎಚ್ಚರಿಕೆ ದೀಪ ಅಳಿಸುವುದನ್ನು ಹಿಡಿಯಲು ಸುಲಭದ ದಾರಿ ಇದೆ. 1996ರ ನಂತರದ ಎಲ್ಲ ಕಾರಿಗೂ ಸ್ಟಿಯರಿಂಗ್ ಕೆಳಗೆ ಒಬಿಡಿ ಅನ್ನುವ ಒಂದು ಸಾಕೆಟ್ ಇರುತ್ತೆ, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷಗಳನ್ನು ಅಲ್ಲಿಂದ ಓದಬಹುದು. ಇಪ್ಪತ್ತು ಮೂವತ್ತು ಡಾಲರಿನ ಸ್ಕ್ಯಾನರ್ ಚುಚ್ಚಿ. ದೋಷದ ಸಂಕೇತ ಇಲ್ಲ ಅಂದ ಮಾತ್ರಕ್ಕೆ ಹಿಗ್ಗಬೇಡಿ. ಕಾರು ತನ್ನನ್ನು ತಾನೇ ಮಾಡಿಕೊಳ್ಳುವ ಪರೀಕ್ಷೆಗಳ ಪಟ್ಟಿ ಅದರಲ್ಲೇ ಇರುತ್ತೆ, ಅವು "ಇನ್ನೂ ಸಿದ್ಧವಿಲ್ಲ" ಅಂತ ತೋರಿಸಿದರೆ ಯಾರೋ ಈಚೆಗೆ ಸಂಕೇತ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ. ಬ್ಯಾಟರಿ ಬದಲಿಸಿದ್ದೇ ನಿಜವಾಗಿರಬಹುದು. ಆದರೆ ಐವತ್ತು ನೂರು ಮೈಲಿ ಓಡಿಸಿದ ಮೇಲೆ ಮತ್ತೆ ಚುಚ್ಚಿ ನೋಡೋಣ ಅಂತ ಹೇಳಿ, ಡೀಲರ್ ಮುಖ ಗಮನಿಸಿ.

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಬಾಯಿ ತೆರೆಸಿ ಹಲ್ಲು ನೋಡುತ್ತಾರಲ್ಲ, ಪೊಲೀಸ್ ಕಾರಿನಲ್ಲಿ ಡ್ರೈವರ್ ಸೀಟಿನ ಅಂಚು ಅದೇ ಹಲ್ಲು. ಪೊಲೀಸರ ಸೊಂಟದಲ್ಲಿ ಪಿಸ್ತೂಲು, ಕೋಳ, ರೇಡಿಯೋ ತುಂಬಿದ ದಪ್ಪ ಪಟ್ಟಿ ಇರುತ್ತೆ. ಇಳಿದು ಹತ್ತಿದಾಗಲೆಲ್ಲ ಅದು ಸೀಟಿನ ಹೊರ ಅಂಚಿಗೆ ಉಜ್ಜುತ್ತೆ. ಆ ಅಂಚು ಹರಿದು ಒಳಗಿನ ಸ್ಪಂಜು ಕಾಣುತ್ತಿದ್ದರೆ ಮೂರು ಪಾಳಿಯಲ್ಲಿ ದುಡಿದ ಗಸ್ತಿನ ಗಾಡಿ. ಸೀಟು ಹೊಚ್ಚ ಹೊಸದಾಗಿದ್ದು ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ ಸೀಟು ಬದಲಿಸಿದ್ದಾರೆ. ಅಂಚು ಗಟ್ಟಿಯಾಗಿದ್ದು, ಚಾವಣಿಯಲ್ಲಿ ದೀಪದ ತೂತು ಇಲ್ಲದಿದ್ದರೆ, ಒಬ್ಬ ಪತ್ತೇದಾರನೋ ಅಧಿಕಾರಿಯೋ ಒಬ್ಬನೇ ಓಡಿಸಿದ ಕಾರಾಗಿರಬಹುದು. ಡೀಲರ್ ಅಂಗಳದಲ್ಲಿ ಹುಡುಕಬೇಕಾದದ್ದು ಅದನ್ನೇ.

ತೂತಿನ ವಿಷಯ ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ದೀಪಕ್ಕೆ, ಆಂಟೆನಾಗೆ, ಕ್ಯಾಮೆರಾಗೆ, ಪಂಜರಕ್ಕೆ ಅಂತ ಮೈತುಂಬ ತೂತು ಕೊರೆದಿರುತ್ತಾರೆ. ನನ್ನ ಕಾರಿನ ಚಾವಣಿಯಲ್ಲಿ ಆಂಟೆನಾದ ತೂತಿಗೆ ಡೀಲರ್ ಸಿಲಿಕೋನ್ ಮೆತ್ತಿ ಮೇಲೆ ಬಣ್ಣ ಹೊಡೆಸಿದ್ದ. ಮೊದಲ ಚಳಿಗಾಲಕ್ಕೆ ಅದು ಬಿರುಕು ಬಿಟ್ಟು, ಹಿಮ ಕರಗಿದ ನೀರು ಒಳಬಟ್ಟೆಗೆ ಇಳಿದು, ಮಾರ್ಚ್ ಹೊತ್ತಿಗೆ ಕಾರಿನೊಳಗೆ ನೆನೆದ ಗೋಣಿಚೀಲದ ವಾಸನೆ. ರಬ್ಬರ್ ಬಿರಡೆ ಹಾಕಿಸಿದ್ದರೆ ಎರಡು ಡಾಲರಿನ ಕೆಲಸ. ಇನ್ನೊಂದು, ಕಿತ್ತುಹಾಕಿದ ರೇಡಿಯೋದ ವೈರಿನ ತುದಿ ಎಲ್ಲೋ ಕಾರಿನ ತಗಡಿಗೆ ತಗುಲಿ ರಾತ್ರಿಯೆಲ್ಲ ಬ್ಯಾಟರಿ ಹೀರುತ್ತಿತ್ತು. ಬೆಳಿಗ್ಗೆ ಕಾರು ಸ್ಟಾರ್ಟ್ ಆಗದೆ ಎರಡು ಸಲ ಕೆಲಸಕ್ಕೆ ತಡವಾದ ಮೇಲೆ ಆ ವೈರು ಹುಡುಕಿಸಲು ನಾನು ಕೊಟ್ಟ ದುಡ್ಡು ಹೇಳಿದರೆ ನಮ್ಮ ಮನೆಯವರಿಗೆ ಇವತ್ತೇ ಗೊತ್ತಾಗುತ್ತೆ, ಬೇಡ.

ತೂತು ಬರೀ ನೀರಿನ ತೊಂದರೆ ಅಂದುಕೊಳ್ಳಬೇಡಿ. 2017ರಲ್ಲಿ ಟೆಕ್ಸಾಸಿನ ಆಸ್ಟಿನ್ ಪೊಲೀಸ್ ಇಲಾಖೆ ತನ್ನ ಸುಮಾರು 400 ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳನ್ನು ರಸ್ತೆಯಿಂದ ತೆಗೆದು ನಿಲ್ಲಿಸಿತು. ಓಡಿಸುತ್ತಿದ್ದ ಪೊಲೀಸರು ಕಾರ್ಬನ್ ಮಾನಾಕ್ಸೈಡಿನಿಂದ ಅಸ್ವಸ್ಥರಾಗುತ್ತಿದ್ದರು. ಉಪಕರಣ ಕೂರಿಸುವಾಗ ಹಿಂಭಾಗದಲ್ಲಿ ಕೊರೆದ ತೂತುಗಳನ್ನು ಸರಿಯಾಗಿ ಮುಚ್ಚದೇ ಇರುವುದರಿಂದ ಹೊಗೆ ಒಳಗೆ ಬರುತ್ತಿದೆ ಅಂತ ಫೋರ್ಡ್ ಹೇಳಿ, ತನ್ನ ಖರ್ಚಿನಲ್ಲೇ ಪೊಲೀಸ್ ಗಾಡಿಗಳನ್ನು ಸರಿಮಾಡಿಕೊಡಲು ಒಪ್ಪಿತು. ರಸ್ತೆ ಸುರಕ್ಷತೆಯ ಕೇಂದ್ರ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವರ್ಷಗಟ್ಟಲೆ ತನಿಖೆ ಮಾಡಿ 2023ರಲ್ಲಿ ಕಡತ ಮುಚ್ಚಿತು. ಇವತ್ತು ಡೀಲರುಗಳ ಹತ್ತಿರ ಸಾಲುಸಾಲಾಗಿ ನಿಂತಿರುವುದು ಅದೇ ಎಕ್ಸ್‌ಪ್ಲೋರರ್‌ಗಳು. ಹಿಂದಿನ ಬಂಪರ್ ಹತ್ತಿರ, ಹಿಂಬಾಗಿಲ ಒಳಗೆ ಟಾರ್ಚ್ ಬಿಟ್ಟು ನೋಡಿ. ಮಕ್ಕಳನ್ನು ಕೂರಿಸುವ ಗಾಡಿಯಾದರೆ ಸಣ್ಣದೊಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಳಗಿಟ್ಟು ಓಡಿಸಿ ನೋಡಿ, ಅದಕ್ಕೇನೂ ಆಸ್ತಿ ಕರಗಲ್ಲ.

ಎಕ್ಸ್‌ಪ್ಲೋರರ್ ಇಂಟರ್‌ಸೆಪ್ಟರ್ ಕೊಳ್ಳುವವರು ನೀರಿನ ಪಂಪಿನ ಬಗ್ಗೆ ತಿಳಿದಿರಬೇಕು. 2013ರಿಂದ 2019ರವರೆಗಿನ ಗಾಡಿಗಳ ವಿ6 ಎಂಜಿನ್‌ನಲ್ಲಿ ನೀರಿನ ಪಂಪನ್ನು ಎಂಜಿನ್ ಒಳಗೇ ಇಟ್ಟಿದ್ದಾರೆ, ಟೈಮಿಂಗ್ ಚೈನೇ ಅದನ್ನು ತಿರುಗಿಸುತ್ತೆ. ಬೇರೆ ಕಾರಿನಲ್ಲಿ ಪಂಪು ಸೋರಿದರೆ ನೆಲದ ಮೇಲೆ ನೀರು ಕಾಣುತ್ತೆ. ಇದರಲ್ಲಿ ಸೋರಿದ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಆಯಿಲ್ಲಿಗೆ ಬೆರೆತು, ಎಂಜಿನ್ ಹೋದ ಮೇಲೆಯೇ ಕೆಲವರಿಗೆ ಗೊತ್ತಾಗುತ್ತೆ. ಆಯಿಲ್ ಕಡ್ಡಿ ಎಳೆದಾಗ ಹಾಲು ಬೆರೆಸಿದ ಕಾಫಿ ಬಣ್ಣ ಕಂಡರೆ ಕಡ್ಡಿಯನ್ನು ಹಾಗೇ ಒಳಗೆ ಸಿಕ್ಕಿಸಿ ವಾಪಸ್ ಬನ್ನಿ.

ಡಾಡ್ಜ್ ಚಾರ್ಜರ್ ಮೋಹ ನಮ್ಮ ಹುಡುಗರಿಗೆ ಹೆಚ್ಚು. 5.7 ಲೀಟರಿನ ಹೆಮಿ ವಿ8, ಪೊಲೀಸರು ಬಿಟ್ಟದ್ದಾದರೆ ಕೈಗೆಟಕುವ ಬೆಲೆ. ಆದರೆ ಆ ಎಂಜಿನ್ನಿಗೆ ನಿಂತಲ್ಲೇ ಓಡುವುದು ಒಗ್ಗಲ್ಲ ಅಂತ ಮೆಕ್ಯಾನಿಕ್‌ಗಳು ಹೇಳುತ್ತಾರೆ. ವಾಲ್ವ್‌ಗಳನ್ನು ಎತ್ತುವ ಲಿಫ್ಟರುಗಳಿಗೆ ಆಯಿಲ್ ಸಾಲದೆ ಅವು ಸವೆದು ಕ್ಯಾಮ್‌ಶಾಫ್ಟನ್ನೂ ಕೆಡಿಸುತ್ತವೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿಸಿ ಕಿವಿಗೊಡಿ. ಡೀಲರ್ ನೀವು ಬರುವ ಮುಂಚೆಯೇ ಬಿಸಿ ಮಾಡಿ ಇಟ್ಟಿದ್ದರೆ ಬಾನೆಟ್ ಮುಟ್ಟಿದರೇ ತಿಳಿಯುತ್ತೆ, ಇನ್ನೊಂದು ದಿನ ಹೇಳದೆ ಹೋಗಿ. ಇನ್ನೂ ಗಂಭೀರವಾದದ್ದು, 2022ರ ನವೆಂಬರ್‌ನಲ್ಲಿ ಹಳೆಯ ಚಾರ್ಜರ್‌ಗಳ ಮಾಲೀಕರಿಗೆ, 2010ರವರೆಗಿನ ಮಾಡೆಲ್‌ಗಳಿಗೆ, ಟಕಾಟಾ ಕಂಪನಿಯ ಏರ್‌ಬ್ಯಾಗ್ ಬದಲಿಸುವವರೆಗೆ ಗಾಡಿ ಓಡಿಸಲೇಬೇಡಿ ಅಂತ ಕಂಪನಿ ಎಚ್ಚರಿಕೆ ಕೊಟ್ಟಿತು. ಪ್ರಾಣ ಉಳಿಸಬೇಕಾದ ಚೀಲವೇ ಒಡೆದು ಲೋಹದ ಚೂರು ಎರಚುತ್ತೆ.

ಷೆವ್ರೊಲೆ ಕ್ಯಾಪ್ರೀಸ್ ಬಗ್ಗೆ ಒಂದೇ ಮಾತು. ಓಡಿಸಲು ಬಹಳ ಸೊಗಸು. ಆದರೆ ಅದು ತಯಾರಾಗಿದ್ದು ಆಸ್ಟ್ರೇಲಿಯಾದ ಹೋಲ್ಡನ್ ಕಾರ್ಖಾನೆಯಲ್ಲಿ, ಆ ಕಾರ್ಖಾನೆ 2017ರಲ್ಲೇ ಮುಚ್ಚಿತು, ಈ ದೇಶದಲ್ಲಿ ಪೊಲೀಸರಿಗೆ ಬಿಟ್ಟರೆ ಬೇರೆಯವರಿಗೆ ಹೊಸದಾಗಿ ಮಾರಿರಲಿಲ್ಲ. ಒಂದು ದೀಪ ಒಡೆದರೆ ಹುಡುಕಾಟ ಶುರು.

ಇಲ್ಲೊಬ್ಬ ಹುಡುಗ ಕೇಳಿದ: "ಅಂಕಲ್, ಡೀಲರ್ ಪೊಲೀಸ್ ಕಾರು ಅಂತಾನೆ, ನಿಜವಾಗಿ ಪೊಲೀಸ್ ಕಾರೇ ಅಂತ ಹೇಗೆ ಗೊತ್ತಾಗುತ್ತೆ?"

ಕ್ರೌನ್ ವಿಕ್ಟೋರಿಯಾದಲ್ಲಿ ಸುಲಭ, ಪುಟ್ಟಾ. ಪ್ರತಿ ಕಾರಿಗೂ ಒಂದು ಗುರುತಿನ ಸಂಖ್ಯೆ ಇರುತ್ತೆ, ಅದೇ ವಿನ್ ಸಂಖ್ಯೆ, ಅದರ 5, 6, 7ನೇ ಸ್ಥಾನ ನೋಡು. ಪಿ71 ಅಂತ ಇದ್ದರೆ ಪೊಲೀಸ್ ಮಾಡೆಲ್, ಕೊನೆಯ ಒಂದೆರಡು ವರ್ಷದವಕ್ಕೆ ಪಿ7ಬಿ ಅಂತ ಆಯಿತು. ಪಿ72 ಅಂದರೆ ಟ್ಯಾಕ್ಸಿ ಮತ್ತು ಕಂಪನಿಗಳಿಗೆ ಮಾರಿದ್ದು, ಪಿ74 ಅಂದರೆ ಮನೆಮಂದಿ ಓಡಿಸುವ ಕಾರು. ಅಜ್ಜನ ಕಾರಿಗೆ ಕರಿ ಚಕ್ರ, ಪಕ್ಕದ ಸ್ಪಾಟ್‌ಲೈಟ್ ಸಿಕ್ಕಿಸಿ ಪೊಲೀಸ್ ಕಾರು ಅಂತ ಮಾರುವವರಿದ್ದಾರೆ. ಹಾಗೆ ನೋಡಿದರೆ ಅಜ್ಜನ ಕಾರೇ ಒಳ್ಳೆಯದಿರಬಹುದು, ಅದು ಬೇರೆ ಮಾತು. ಆದರೆ ಪಿ71 ಅಂದ ತಕ್ಷಣ ಇಲಾಖೆಯಿಂದ ನೇರ ಬಂತು ಅಂತಲೂ ಅಲ್ಲ. ಪೊಲೀಸರು ಬಿಟ್ಟ ಮೇಲೆ ಟ್ಯಾಕ್ಸಿಯವರು ಕೊಂಡು ಇನ್ನೊಂದು ಲಕ್ಷ ಮೈಲಿ ಓಡಿಸಿ ಬಿಟ್ಟ ಪಿ71ಗಳೂ ಇವೆ. ಫ್ಲಾರಿಡಾದಂಥ ರಾಜ್ಯದಲ್ಲಿ ಪೊಲೀಸ್ ಗಾಡಿ, ಟ್ಯಾಕ್ಸಿ ಆಗಿದ್ದರೆ ಅದನ್ನು ಮಾಲೀಕತ್ವದ ಪತ್ರದ ಮೇಲೇ ನಮೂದಿಸಬೇಕು ಅಂತ ಕಾನೂನಿದೆ. ಎಲ್ಲ ರಾಜ್ಯದಲ್ಲೂ ಹಾಗಿಲ್ಲ.

ಕಾಗದದ ಕೆಲಸ ಯಾರಿಗೂ ಇಷ್ಟವಿಲ್ಲ, ಬೇಗ ಮುಗಿಸುತ್ತೇನೆ. ಡೀಲರ್ ಮಾರುವ ಹಳೆಯ ಕಾರಿನ ಕಿಟಕಿಗೆ "ಬೈಯರ್ಸ್ ಗೈಡ್" ಅನ್ನುವ ಹಾಳೆ ಅಂಟಿಸಿರಬೇಕು, ಇದು 1985ರಿಂದ ಇರುವ ಕೇಂದ್ರದ ನಿಯಮ. ಮೇಯ್ನ್ ಮತ್ತು ವಿಸ್ಕಾನ್ಸಿನ್ ರಾಜ್ಯಗಳಿಗೆ ಅವರದೇ ನಿಯಮ. "ಆಸ್ ಈಸ್", ಅಂದರೆ ಇದ್ದ ಹಾಗೇ, ಅನ್ನುವ ಚೌಕಕ್ಕೆ ಗುರುತು ಹಾಕಿದ್ದರೆ ಗೇಟು ದಾಟಿದ ಮೇಲೆ ಎಂಜಿನ್ ಬಿದ್ದುಹೋದರೂ ರಿಪೇರಿ ಖರ್ಚು ನಿಮ್ಮದೇ. ಕೆಲವು ರಾಜ್ಯಗಳು ಹಾಗೆ ಮಾರುವುದನ್ನು ಒಪ್ಪಲ್ಲ, ನಿಮ್ಮ ರಾಜ್ಯದ್ದು ನೋಡಿಕೊಳ್ಳಿ. ಬಾಯಿಮಾತಿನ ಭರವಸೆಯನ್ನು ಬರೆಸಿಕೊಳ್ಳಿ ಅಂತ ಆ ಹಾಳೆಯಲ್ಲೇ ಅಚ್ಚಾಗಿದೆ. ಯಾರೂ ಓದಲ್ಲ. ನಾನೂ ಓದಿರಲಿಲ್ಲ.

ರೀಕಾಲ್ ಬಗ್ಗೆ ಮಾತ್ರ ಬೇಗ ಮುಗಿಸಲಾರೆ. ಕಂಪನಿಯೇ ದೋಷ ಒಪ್ಪಿಕೊಂಡು ವಾಪಸ್ ಕರೆದ ಕಾರನ್ನು, ಸರಿಮಾಡಿಸದೆ, ಡೀಲರ್ ಹಳೆಯ ಕಾರಾಗಿ ಮಾರಬಹುದೇ? ಕೇಂದ್ರದ ಕಾನೂನು ಅದನ್ನು ತಡೆಯುವುದಿಲ್ಲ. ಹೊಸ ಕಾರಿಗೆ ತಡೆ ಇದೆ, ದೊಡ್ಡ ಬಾಡಿಗೆ ಕಂಪನಿಗಳಿಗೆ ತಡೆ ಇದೆ, ಹಳೆಯ ಕಾರಿನ ಡೀಲರ್‌ಗೆ ಇಲ್ಲ. 2013ರಲ್ಲಿ ಫೋರ್ಡ್ ಸುಮಾರು 3,70,000 ಕ್ರೌನ್ ವಿಕ್ಟೋರಿಯಾ ಮತ್ತದರ ಒಡಹುಟ್ಟಿದ ಕಾರುಗಳನ್ನು ವಾಪಸ್ ಕರೆಯಿತು. 2005ರಿಂದ 2011ರವರೆಗಿನವು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಸ್ಟಿಯರಿಂಗಿನ ನಡುದಂಡ ತುಕ್ಕು ಹಿಡಿದು ಬಿಗಿಯಾಗಿ, ಕಳಚಿಯೂ ಹೋಗಬಹುದು ಅಂತ. ನಮ್ಮ ಓಹಿಯೋ ಅಂಥದೇ ನಾಡು. 2014ರಲ್ಲಿ ನನಗೆ ಮಾರಿದ ಕಾರಿಗೆ ಆ ಕೆಲಸ ಆಗಿರಲಿಲ್ಲ. ನಾಲ್ಕು ತಿಂಗಳು ನಾನು ಮಕ್ಕಳನ್ನು ಕೂರಿಸಿಕೊಂಡು ಹಾಗೇ ಓಡಿಸಿದ್ದೇನೆ. ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ವಿನ್ ಸಂಖ್ಯೆ ಒತ್ತಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಪುಕ್ಕಟೆ. ರಿಪೇರಿಯೂ ಪುಕ್ಕಟೆಯೇ ಆಯಿತು.

ಕ್ರೌನ್ ವಿಕ್ಟೋರಿಯಾದ ಪೆಟ್ರೋಲ್ ಟ್ಯಾಂಕ್ ಹಿಂದಿನ ಆಕ್ಸಲಿಗೂ ಹಿಂದೆ ಇದೆ. ರಸ್ತೆ ಬದಿ ನಿಂತ ಪೊಲೀಸ್ ಕಾರಿಗೆ ಹಿಂದಿನಿಂದ ವೇಗವಾಗಿ ಬಂದು ಗುದ್ದಿ ಬೆಂಕಿ ಹತ್ತಿ, ಪೊಲೀಸರು ಸತ್ತ ಪ್ರಕರಣಗಳಾದವು. 2002ರಲ್ಲಿ ಎನ್‌ಎಚ್‌ಟಿಎಸ್‌ಎ ತನಿಖೆಯನ್ನು ದೋಷವೆಂದು ಹೇಳದೆ ಮುಗಿಸಿತು, ಫೋರ್ಡ್ ಮಾತ್ರ ಪೊಲೀಸ್ ಕಾರುಗಳಿಗೆ ಟ್ಯಾಂಕಿನ ಸುತ್ತ ರಕ್ಷಣಾ ಕವಚ ಕೊಟ್ಟಿತು. ಆ ಕವಚ ಇದೆಯೋ, ರಿಪೇರಿಯಲ್ಲಿ ಯಾರೋ ಬಿಚ್ಚಿ ಎಸೆದಿದ್ದಾರೋ, ಕಾರನ್ನು ಎತ್ತಿಸಿ ನೋಡಿ. ಹೇಗೂ ಎತ್ತಿಸಿರುತ್ತೀರಿ, ಚಾಸಿಸ್ಸಿನ ತುಕ್ಕಿಗೆ ಸುತ್ತಿಗೆಯ ಹಿಡಿಯಿಂದ ಬಡಿದು ಸದ್ದು ಕೇಳಿ.

ಹಿಂದಿನ ಸೀಟನ್ನು ಮೇಲೆತ್ತಿ ನೋಡುವಾಗ ದಪ್ಪ ಕೈಗವಸು ಹಾಕಿಕೊಳ್ಳಿ. ತಪ್ಪಿತಸ್ಥರು ತಮ್ಮ ಹತ್ತಿರ ಇರಬಾರದ್ದನ್ನು ಆ ಸಂದಿಯಲ್ಲೇ ತುರುಕುವುದು. ನನಗೆ ಸಿಕ್ಕಿದ್ದು ಒಂದು ಲೈಟರು, ಎಪ್ಪತ್ತು ಸೆಂಟು ಚಿಲ್ಲರೆ, ಪ್ಲಾಸ್ಟಿಕ್ ಫೋರ್ಕು. ನನ್ನ ತಮ್ಮನಿಗೆ ಸಿಕ್ಕಿದ್ದು ಸೂಜಿ.

ಬಣ್ಣ, ದೀಪದ ಬಗ್ಗೆಯೂ ಎಚ್ಚರ. ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಗಾಡಿಯಂತೆ ಕಾಣುವ ಬಣ್ಣದ ಕಾರನ್ನು ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ. ಕೆಂಪು, ನೀಲಿ ದೀಪ ಹಾಕಿಸುವ ಯೋಚನೆ ತಮಾಷೆಗೂ ಬೇಡ. ಬಿಳಿ ಕಾರಿನಲ್ಲಿ ಸ್ಟಿಕ್ಕರ್ ಕಿತ್ತ ಜಾಗ ಬಿಸಿಲಿಗೆ ಬೇರೆ ಬಣ್ಣವಾಗಿ ಅಕ್ಷರಗಳು ಮಸುಕಾಗಿ ಕಾಣುತ್ತಿರುತ್ತವೆ, ಅದನ್ನು ಡೀಲರ್ ಖರ್ಚಿನಲ್ಲೇ ಉಜ್ಜಿಸಿ. ಇಷ್ಟೆಲ್ಲ ತೆಗೆಸಿದರೂ ಒಂದು ಅನುಭವ ತಪ್ಪಲ್ಲ. ಹೆದ್ದಾರಿಗೆ ಇಳಿದರೆ ನಿಮ್ಮ ಮುಂದಿನವರೆಲ್ಲ ಬ್ರೇಕ್ ಒತ್ತುತ್ತಾರೆ, ಹಿಂದಿನವರು ಓವರ್‌ಟೇಕ್ ಮಾಡಲ್ಲ. ಮೊದಲು ಗೌರವ ಅನ್ನಿಸುತ್ತೆ. ಆಫೀಸಿಗೆ ದಿನಾ ಹತ್ತು ನಿಮಿಷ ತಡವಾಗತೊಡಗಿದಾಗ ಅದು ಗೌರವ ಅಲ್ಲ ಅಂತ ತಿಳಿಯುತ್ತೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು, ಒಬ್ಬ ಅಕ್ಕನವರದು: "ಈಗ ನೀವು ಕೊಳ್ಳೋದಾದರೆ ಯಾವುದು ಕೊಳ್ತೀರಿ?"

ಹೆದ್ದಾರಿ ಗಸ್ತಿನ ಎಕ್ಸ್‌ಪ್ಲೋರರ್, ಉಪ್ಪು ಕಾಣದ ದಕ್ಷಿಣದ ರಾಜ್ಯದ್ದು, ಇಲಾಖೆಯ ದಾಖಲೆ ಕೈಗೆ ಸಿಕ್ಕರೆ. 2020ರಿಂದ ಬಂದಿರುವ ಹೈಬ್ರಿಡ್ ಇಂಟರ್‌ಸೆಪ್ಟರ್‌ಗಳೂ ಈಗೀಗ ಹರಾಜಿಗೆ ಬರುತ್ತಿವೆ. ನಿಂತಾಗ ಅದರ ದೊಡ್ಡ ಬ್ಯಾಟರಿಯೇ ರೇಡಿಯೋ, ದೀಪ ನೋಡಿಕೊಳ್ಳುತ್ತೆ, ಎಂಜಿನ್ ಆಗಾಗ ಮಾತ್ರ ಎದ್ದು ಮಲಗುತ್ತೆ, ಆದ್ದರಿಂದ ನಾನು ಹೇಳಿದ ಗಂಟೆಯ ಕಾಟ ಅದಕ್ಕೆ ಕಡಿಮೆ. ಬ್ಯಾಟರಿಯ ಆರೋಗ್ಯ ಪರೀಕ್ಷಿಸದೆ ಮಾತ್ರ ಮುಟ್ಟಲ್ಲ. ಕ್ರೌನ್ ವಿಕ್ಟೋರಿಯಾ ಇನ್ನು ಹವ್ಯಾಸದವರಿಗೆ. ಗ್ಯಾರೇಜು ಇರಬೇಕು, ಒಬ್ಬ ಮೆಕ್ಯಾನಿಕ್ ಗೆಳೆಯ ಇರಬೇಕು, ಪೆಟ್ರೋಲ್ ಬಿಲ್ ನೋಡಿ ಬೈಯದ ಮನೆಯವರಿರಬೇಕು.

ನನ್ನದು ಇನ್ನೂ ಓಡುತ್ತಿದೆ. ಹಿಂದಿನ ಬಾಗಿಲು ಈಗ ಒಳಗಿನಿಂದಲೂ ತೆರೆಯುತ್ತೆ. ಅತ್ತೆಯವರು ಎರಡನೇ ಸಲ ಬಂದಾಗ ಹತ್ತುವ ಮುಂಚೆ ಹಿಡಿಯನ್ನು ಮೂರು ಸಲ ಎಳೆದು ಪರೀಕ್ಷಿಸಿ, ಆಮೇಲೆ ಮುಂದಿನ ಸೀಟಿನಲ್ಲೇ ಕೂತರು. ಕಾರು ಹೊರಗೆ ಪಾರ್ಕಿಂಗ್‌ನಲ್ಲಿ ಎರಡನೇ ಸಾಲಿನಲ್ಲಿ ನಿಂತಿದೆ. ಗಂಟೆಯ ಲೆಕ್ಕ ಯಾವ ಗುಂಡಿ ಒತ್ತಿದರೆ ಬರುತ್ತೆ ಅಂತ ನೋಡಬೇಕಾದವರು ಬನ್ನಿ, ಕೀ ನನ್ನ ಹತ್ತಿರವೇ ಇದೆ.